ಮಾಲೀಕರ ಉತ್ತರ

"ನಿಮ್ಮ ಫಾರಂ ಬಂದಿದೆ ಮೇಡಂ. ಆದ್ರೆ ಒಂದು ತೊಡಕಿದೆ," ಎಂದಳು ಫೋನಿನ ಹುಡುಗಿ. ವೆಬ್‌ಸೈಟುಗಳ ಹೆಸರು ನೋಂದಾಯಿಸುವ ಕಂಪನಿಯವಳು.

ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಒಡತಿ ಎಣ್ಣೆಗೈ ಒರೆಸಿಕೊಂಡು ಸ್ಪೀಕರ್ ಒತ್ತಿದಳು. ಮಗಳು ಹತ್ತಿರ ಸರಿದಳು. ಹಳೆ ಯಂತ್ರಗಳ ಬಿಡಿಭಾಗ ಬೇಕಾದವರೆಲ್ಲ ಅಂಗಡಿಯನ್ನು ಹುಡುಕಿ ಬರುತ್ತಿದ್ದುದು ವೆಬ್‌ಸೈಟಿನ ಹೆಸರಿನಿಂದಲೇ. ಆ ವೆಬ್‌ಸೈಟನ್ನು ಇಟ್ಟಿದ್ದ ಬೇರೊಂದು ಕಂಪನಿಯ ಕಂಪ್ಯೂಟರು ತಿಂಗಳ ಕೊನೆಗೆ ಬಂದ್ ಆಗುವುದಿತ್ತು. ಹೆಸರನ್ನು ಹೊಸ ಕಂಪ್ಯೂಟರಿನ ಕಡೆ ತಿರುಗಿಸದಿದ್ದರೆ ಅಂಗಡಿ ಇದ್ದೂ ಇಲ್ಲದಂತೆ. ತಿರುಗಿಸಲು ಹೆಸರಿನ ಮಾಲೀಕನೇ ಬೇಕು. ಮಾಲೀಕ ಅವಳ ಗಂಡ. ಬಿಡಿಭಾಗ ತರುತ್ತೇನೆಂದು ಹೋದ ಪುಣ್ಯಾತ್ಮ ಆರು ವರ್ಷವಾದರೂ ಬಂದಿರಲಿಲ್ಲ. ಪೊಲೀಸರು ಕೈಚೆಲ್ಲಿದ್ದರು. ಅತ್ತು ಅತ್ತು ಸಾಕಾಗಿ ಅವಳೂ ಸತ್ತನೆಂದೇ ನಂಬಿದ್ದಳು. ಹೆಸರನ್ನು ತನಗೆ ವರ್ಗಾಯಿಸಿ ಎಂಬ ಫಾರಂನಲ್ಲಿ ಅದನ್ನೇ ಬರೆದಿದ್ದಳು.

"ಏನಮ್ಮ ತೊಡಕು?"

"ನಿಮ್ಮ ಮೇಲ್ ವಿಳಾಸ ಇದೇನಾ ಅಂತ ವರ್ಷಕ್ಕೊಂದ್ಸಲ ಮಾಲೀಕರಿಗೆ ಮೇಲ್ ಮಾಡ್ತೀವಿ. ಹೋದ ತಿಂಗಳು ಹೌದು ಅಂತ ಉತ್ತರ ಬಂದಿದೆ."

ಅವಳು ಮಗಳತ್ತ ತಿರುಗಿದಳು. "ನೀನು ಕಳಿಸಿದ್ಯಾ?"

"ಅಪ್ಪನ ಪಾಸ್‌ವರ್ಡ್ ನಂಗೆಲ್ಲಿ ಗೊತ್ತಮ್ಮ?"

"ಪ್ರತಿ ವರ್ಷನೂ ಬಂದಿದೆ ಮೇಡಂ," ಎಂದಳು ಹುಡುಗಿ. "ವಿಳಾಸ ಬದಲಾಗಿಲ್ಲ. ನೀವು ಫಾರಂನಲ್ಲಿ ಕೊಟ್ಟಿದ್ದೇ ಇದೆ."

ಸಂತೋಷವಾಗಬೇಕಿತ್ತು. ಆದರೆ ಅವಳಿಗೆ ಬಂದದ್ದು ಸಿಟ್ಟು. ಮೊದಲ ವರ್ಷವಿಡೀ ಅದೇ ಮೇಲ್‌ಗೆ ಬರೆದಿದ್ದಳು. ಮಗಳಿಗೆ ಜ್ವರ, ಮಾವ ಹೋಗಿಬಿಟ್ಟರು, ಎಲ್ಲಿದ್ದೀರಿ ಅಂತಾದರೂ ತಿಳಿಸಿ. ಹೆತ್ತಪ್ಪ ಸತ್ತನೆಂದಾಗಲೂ ತುಟಿ ಬಿಚ್ಚದವನು ವಿಳಾಸಕ್ಕೆ ಮಾತ್ರ ತಪ್ಪದೆ ಹೌದು ಅಂದಿದ್ದ.

"ಅಪ್ಪ ಬದುಕಿದಾರಾ?" ಮಗಳ ಧ್ವನಿ ಒಡೆದಿತ್ತು.

"ಮಾಲೀಕರು ಉತ್ತರ ಕೊಡ್ತಿರೋದ್ರಿಂದ ಫಾರಂ ತಿರಸ್ಕಾರ ಆಗುತ್ತೆ ಮೇಡಂ. ನೀವು ಬರೆದ ಕಾರಣದ ಸಮೇತ ಒಂದು ಪ್ರತಿ ಮಾಲೀಕರಿಗೂ ಹೋಗುತ್ತೆ. ಬೇಡಾಂದ್ರೆ ಈಗಲೇ ವಾಪಸ್ ತಗೋಬಹುದು."

ಮಗಳು ತೋಳು ಹಿಡಿದಳು. "ತಗೊಳ್ಳಮ್ಮ. ತೀರಿಕೊಂಡಿದ್ದಾರೆ ಅಂತ ಬರ್ದಿದೀಯ. ಅಪ್ಪ ಓದ್ತಾರೆ."

ಅವಳು ತೋಳು ಬಿಡಿಸಿಕೊಂಡು ಮುಂದಕ್ಕೆ ಬಾಗಿದಳು.

"ಕಳಿಸಿ," ಎಂದಳು ಫೋನಿಗೆ. "ಬರೆದಿದ್ದು ಹಾಗೇ ಇರಲಿ."

ಫೋನಿಟ್ಟ ಮೇಲೆ ಮಗಳಿಗೆ ಹೇಳಿದಳು, "ವೆಬ್‌ಸೈಟಿಗೆ ಬೇರೆ ಹೆಸರು ನೋಡು. ನನ್ನ ಹೆಸರಲ್ಲೇ ಬರೆಸು."

"ಗಿರಾಕಿಗಳಿಗೆ ಹೇಗಮ್ಮ ಗೊತ್ತಾಗುತ್ತೆ?"

"ಒಬ್ಬೊಬ್ಬರಿಗೇ ಹೇಳೋಣ."

ಬಿಚ್ಚಿಟ್ಟಿದ್ದ ಯಂತ್ರದ ಮುಂದೆ ಕೂತು ಅವಳು ಒಂದು ಸ್ಕ್ರೂ ಎತ್ತಿಕೊಂಡಳು. ಎಷ್ಟು ತಿರುಗಿಸಿದರೂ ಅದು ತೂತಿನಲ್ಲಿ ಕೂರಲಿಲ್ಲ. ಮಗಳು ಎದ್ದು ಬಂದು, ಸ್ಕ್ರೂ ಸಮೇತ ಅಮ್ಮನ ಕೈಯನ್ನು ಹಿಡಿದುಕೊಂಡಳು.