ಮೊದಲ ಸಾಲಿನಲ್ಲಿ ಮಾವ

ಎದುರಿಗಿದ್ದವರ ಮಾತನ್ನು ತಾವೇ ಮುಗಿಸದೆ ಬಿಟ್ಟ ದಿನ ನನ್ನ ಮಾವನ ಬಾಳಿನಲ್ಲಿಲ್ಲ. ಅವರು ಊರ ನಾಟಕ ಮಂಡಳಿಗೆ ನಲವತ್ತೊಂದು ವರ್ಷದಿಂದ ಪ್ರಾಂಪ್ಟರ್. ಪಕ್ಕದ ಪರದೆಯ ಸಂದಿಯಲ್ಲಿ ಒಂದು ಮರದ ಸ್ಟೂಲು ಹಾಕಿಕೊಂಡು ಕೂತು, ನಟರು ಎಡವಿದಲ್ಲಿ ಮಾತು ಕೊಡುವ ಕೆಲಸ. ಅದು ರಕ್ತಕ್ಕಿಳಿದು ಹೋಗಿದೆ. ನಾನು ನಿಪ್ಪಾಣಿ ಕಡೆಯವಳು, ಈ ಕೊಂಕಣದ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಮನೆ ತುಂಬಿಸಿಕೊಳ್ಳುವ ದಿನ ಹೊಸ್ತಿಲ ಮೇಲೆ ನಿಲ್ಲಿಸಿ, ಗಂಡನ ಹೆಸರು ಸೇರಿಸಿ ಒಡಪು ಹೇಳು ಎಂದರು. ಬೇಕೆಂದೇ, ಸ್ವಲ್ಪ ನಾಚಿದಂತೆ ಕಾಣಲಿ ಎಂದು ತಡೆದೆ. ಬಾಗಿಲ ಹಿಂದಿನಿಂದ ಗಂಡಸಿನ ಪಿಸುಮಾತು ಬಂತು: "ವಿಲಾಸ... ವಿಲಾಸ..." ಗಂಡನ ಹೆಸರನ್ನೇ ಮರೆತ ಸೊಸೆ ಎಂದು ಊರು ಒಂದು ವರ್ಷ ನಕ್ಕಿತು.

ನನ್ನ ಮಾವ ಭಾರ್ಗವ ಮಾಸ್ತರರ ಹೆಮ್ಮೆ ಎರಡು. ಮೊದಲನೆಯದು, ಕೈಬರಹದ ನಾಟಕದ ಪ್ರತಿಯನ್ನು ಅವರು ನೋಡುವುದಿಲ್ಲ. ಮಡಚಿ ಸ್ಟೂಲಿನ ಮೇಲಿಟ್ಟು ಅದರ ಮೇಲೆ ಕೂರುತ್ತಾರೆ. ಎರಡನೆಯದು, ನಟ ಮಾತು ಮರೆಯುವ ಮುಂಚೆಯೇ ಅವರಿಗೆ ಗೊತ್ತಾಗುತ್ತದೆ.

"ಮಾರಿ ಏನ್ ನೋಡ್ತೀ, ಮಾರಿ ಸುಳ್ಳು ಹೇಳತೈತಿ," ಎನ್ನುತ್ತಾರೆ. "ಕಾಲು ನೋಡಬೇಕು. ಮಾತು ತಪ್ಪೂದು ಮೊದಲ ಹೆಬ್ಬೆಟ್ಟಿಗೆ ತಿಳೀತೈತಿ. ಕಾಲಿನ ಹೆಬ್ಬೆಟ್ಟು ಒಳಗ ಮಡಚಿತಂದ್ರ, ಅಂವಗ ಮುಂದಿನ ಸಾಲು ಇಲ್ಲಂತನ ಲೆಕ್ಕ."

ಹೋದ ವರ್ಷ ಮಾಘ ಚೌತಿಗೆ 'ತುಳಸಿಯ ಆಣೆ' ಆಡಿದರು. ಹಳೆಯ ನಾಟಕ, ಊರಿನಲ್ಲಿ ಮೂವತ್ತು ಸಲ ಆಗಿರಬೇಕು. ರಾವಸಾಹೇಬ ಬೀಗರೊಂದಿಗೆ ಚಹಾ ಕುಡಿಯುತ್ತ ಮಗಳ ಮದುವೆಯ ಮಾತಾಡುವ ದೃಶ್ಯ. ಪಾತ್ರಧಾರಿ ಎಡವಿದ, ಮಾವ ಸಾಲು ಕೊಟ್ಟರು. ಮಾಸ್ತರರ ಮೇಲೆ ದೇವರಷ್ಟೇ ನಂಬಿಕೆ ಅವನಿಗೆ. ಕಪ್ಪುಬಸಿ ಕೆಳಗಿಟ್ಟು ಎದ್ದು ನಿಂತು, "ಎಲೈ ಸಾರಥಿ! ರಥವನ್ನು ರಣಭೂಮಿಯತ್ತ ತಿರುಗಿಸು!" ಎಂದು ಗರ್ಜಿಸಿದ. ಬೀಗರ ಪಾತ್ರ ಮಾಡಿದವನು ಊರಿನಲ್ಲಿ ರಿಕ್ಷಾ ಓಡಿಸುತ್ತಾನೆ. ಅಭ್ಯಾಸಬಲ, ಅವನೂ ಎದ್ದು ನಿಂತ. ಜನ ನಕ್ಕು ನಕ್ಕು ಕುರ್ಚಿಯಿಂದ ಬಿದ್ದರು.

"ಗಾಳಿಗೆ ಹಾಳಿ ಮಗಚಿತು," ಎಂದರು ಮಾವ. ಕುಂಡೆಯ ಕೆಳಗಿರುವ ಹಾಳೆಯನ್ನು ಯಾವ ಗಾಳಿ ಮಗುಚೀತು ಎಂದು ನಾನು ಕೇಳಲಿಲ್ಲ.

ಈ ವರ್ಷ ನಾಟಕದ ತಿಂಗಳು ಹತ್ತಿರ ಬಂದಾಗ ಮಂಡಳಿಯ ಅಧ್ಯಕ್ಷ ಅನಂತಾ ತಾಂಡೇಲ ಮನೆಗೆ ಬಂದ. ಹತ್ತು ನಿಮಿಷ ಮೀನಿನ ಮಾತು, ಆಮೇಲೆ ಒಂದೇ ಉಸಿರಿಗೆ: "ಮಾಸ್ತರ, ನಿಮ್ಮ ಸೇವಾ ಭಾಳ ಆತು. ಈ ವರ್ಷ ಶಾಲು, ತೆಂಗಿನಕಾಯಿ, ದೊಡ್ಡ ಸತ್ಕಾರ. ಸ್ಟೂಲಿನ ಮ್ಯಾಲೆ ಬ್ಯಾರೆ ಯಾರರ ಕುಂಡರ್ತಾರ."

ಮಾವ ಕೆಂಡವಾದರು. "ಶಾಲು ಹೊದಸ್ತಾನಂತ! ನಾ ಇನ್ನೂ ಉಸಿರಾಡಾಕತ್ತೀನಿ, ಈಗ ಯಾಕ ಮೈಮ್ಯಾಲೆ ಬಟ್ಟಿ?"

ಆ ಸ್ಟೂಲು ಹೋದರೆ ಈ ಮನುಷ್ಯನಿಗೆ ಏನೂ ಉಳಿಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

ಒಳಗೆ ಸೊಪ್ಪು ಸೋಸುತ್ತಿದ್ದ ಅತ್ತೆ ಸತ್ಯಭಾಮಾ ಆಗ ಹೊರಗೆ ಬಂದರು. "ಅನಂತಾ, ಮಾಸ್ತರ ಹಿಡಿತ ತಪ್ಯಾರ ಅಂತೀ, ಹೌದಿಲ್ಲೋ? ನೋಡೇ ಬಿಡೂಣು. ಮುಂಬಯ್ಯಾಗ ಇದ 'ತುಳಸಿಯ ಆಣೆ' ನಾಟಕ ಹೊಸದಾಗಿ ಆಡಾಕತ್ತಾರಂತ. ನಾವೆಲ್ಲಾ ಹೋಗಿ ಮೊದಲ್ನೇ ಸಾಲಿನ್ಯಾಗ ಕುಂಡರ್ತೀವಿ. ಮೂರು ಅಂಕ ಮುಗಿಯೂತನಾ ಇವರು ತುಟಿ ಪಿಟಕ್ ಅನ್ನಲಿಲ್ಲ ಅಂದ್ರ ಸ್ಟೂಲು ಇವರದ. ಒಂದ ಒಂದು ಶಬ್ದ ಹೊರಗ ಬಿತ್ತು ಅಂದ್ರ, ನಿನ್ನ ಶಾಲು ನಾನ ಹೊದಸ್ತೀನಿ."

ಅನಂತಾ ತೊಡೆ ತಟ್ಟಿಕೊಂಡು ನಕ್ಕು ಒಪ್ಪಿದ. ಯಾಕೆ ಒಪ್ಪುವುದಿಲ್ಲ? ನಾಲ್ಕು ವರ್ಷದ ಹಿಂದೆ ಚಿಪಳೂಣಿಗೆ ಬಂದಿದ್ದ ಕಂಪನಿಯ ನಾಟಕದಲ್ಲಿ ಮಾವ ನಾಲ್ಕನೇ ಸಾಲಿನಿಂದ ನಾಯಕನಿಗೂ ನಾಯಕಿಗೂ ಒಟ್ಟಿಗೆ ಮಾತು ಕೊಟ್ಟಿದ್ದರು. ಮ್ಯಾನೇಜರು ಮಧ್ಯಂತರದಲ್ಲಿ ಬಂದು ಕೈಮುಗಿದಿದ್ದ.

"ಸಾಕ್ಷಿ ಯಾರು?" ಎಂದ ಅನಂತಾ. ತಾನೇ ಉತ್ತರವನ್ನೂ ಕೊಟ್ಟ: "ಮಾಸ್ತರ ಸೊಸಿ. ಹೊರಗಿನಾಕಿ, ಪಕ್ಷಪಾತ ಮಾಡಂಗಿಲ್ಲ."

ಇಪ್ಪತ್ತೆರಡು ವರ್ಷ ಈ ಊರಿನ ಉಪ್ಪುನೀರಿನ ಬಾವಿ ಸೇದಿದ ಮೇಲೂ ಹೊರಗಿನವಳು! ಸಿಟ್ಟು ಬಂತು. ಆದರೆ ಮುಂಬಯಿ ಪ್ರವಾಸ ಸಿಗುತ್ತಿತ್ತು, ನುಂಗಿಕೊಂಡೆ.

ಹೀಗೆ ನಾವು ಐವರು ಹೊರಟೆವು: ಮಾವ, ಅತ್ತೆ, ವಿಲಾಸ, ನಾನು ಮತ್ತು ಹತ್ತು ವರ್ಷದ ಮಗಳು ಜುಯಿ. ಜುಯಿಗೆ ನಾಟಕ ಬೇಕಿರಲಿಲ್ಲ, ರಾಣಿಬಾಗ್ ಮೃಗಾಲಯದ ಪೆಂಗ್ವಿನ್ ಬೇಕಿತ್ತು. ಭಾಂಡುಪಿನ ನಾದಿನಿಯ ಒಂದೂವರೆ ಕೋಣೆಯ ಮನೆಯಲ್ಲಿ ಇಳಿದುಕೊಂಡು, ಎರಡು ದಿನ ಊರು ಸುತ್ತಿದೆವು.

ಪಂದ್ಯ ನಾಟಕಕ್ಕೆ ಮಾತ್ರ, ಸುತ್ತಾಟಕ್ಕಲ್ಲ ಎಂದು ಮಾವ ಮೊದಲೇ ಕರಾರು ಮಾಡಿಸಿಕೊಂಡಿದ್ದರು. ಆ ಎರಡು ದಿನ ಮುಂಬಯಿಯಲ್ಲಿ ಯಾರಿಗೂ ಅವರ ಮಾತನ್ನು ಅವರೇ ಮುಗಿಸುವ ಭಾಗ್ಯ ಸಿಗಲಿಲ್ಲ. ಟ್ಯಾಕ್ಸಿಯವನು "ಮೀಟರಿನ ಮೇಲೆ..." ಎಂದರೆ ಮಾವ "ಹತ್ತು ರೂಪಾಯಿ ಹೆಚ್ಚು" ಎಂದು ಮುಗಿಸಿ, ಆಮೇಲೆ ಹದಿನೈದು ನಿಮಿಷ ಅದೇ ಹತ್ತು ರೂಪಾಯಿಗೆ ಜಗಳವಾಡಿದರು. ದೇವಸ್ಥಾನದಲ್ಲಿ ಪೂಜಾರಿ ಮಂತ್ರದ ನಡುವೆ ಕೆಮ್ಮಿದ. ಮಾವ ಮುಂದಿನ ಸಾಲು ಕೊಟ್ಟರು. ಪೂಜಾರಿ ದುರುಗುಟ್ಟಿ ನೋಡಿ, ಮತ್ತೆ ಮೊದಲಿನಿಂದ ಶುರು ಮಾಡಿದ. ಹಿಂದಿದ್ದ ಸರದಿ ನಮ್ಮ ಏಳು ತಲೆಮಾರನ್ನು ಹರಸಿತು.

ಗೇಟ್‌ವೇ ಹತ್ತಿರ ಫೋಟೋದವನು "ಒನ್, ಟೂ" ಎನ್ನುವಷ್ಟರಲ್ಲಿ ಮಾವ "ಥ್ರೀ" ಎಂದುಬಿಟ್ಟರು. ಆ ಫೋಟೋದಲ್ಲಿ ಎಲ್ಲರ ಬಾಯಿ ಮುಚ್ಚಿದೆ, ಮಾವನದು ಮಾತ್ರ ತೆರೆದಿದೆ.

ಲೋಕಲ್ ಗಾಡಿಯಲ್ಲಂತೂ ಹಬ್ಬ. "ಮುಂದಿನ ನಿಲ್ದಾಣ..." ಎಂದು ದನಿ ಬರುವುದೇ ತಡ, ಮಾವ ಇಡೀ ಡಬ್ಬಿಗೆ ಕೇಳುವಂತೆ ಊರಿನ ಹೆಸರು ಹೇಳುತ್ತಿದ್ದರು. ಒಂದು ಸಲ ಕೈಯೆತ್ತಿ "ದಾದರ!" ಎಂದರು. ಬಂದದ್ದು ಕುರ್ಲಾ. ಜನ ನಕ್ಕರು. ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕು, "ಚೇಷ್ಟಿ ಸಾಕ್ರೀ, ಮಂದಿ ಖರೇ ಅಂತ ಇಳದಾರು," ಎಂದು ಅವರನ್ನು ಕಿಟಕಿಯ ಕಡೆ ತಿರುಗಿಸಿ ಕೂರಿಸಿದರು. ಅಲ್ಲಿಂದ ಮುಂದೆ ಪ್ರತಿ ನಿಲ್ದಾಣಕ್ಕೂ ಅತ್ತೆ ಅವರ ಕಿವಿಯ ಹತ್ತಿರ ಬಾಗಿ ಏನೋ ಪಿಸುಗುಡುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಏನಪ್ಪಾ ಈ ಸರಸ ಎಂದು ನಾನು ವಿಲಾಸನನ್ನು ತಿವಿದೆ.

ಭಾನುವಾರ ಮಧ್ಯಾಹ್ನ ಮೂರೂವರೆಯ ಆಟ. ನಾಟಕಮಂದಿರದ ಮುಂದೆ ಎಣ್ಣೆಯಲ್ಲಿ ಕರಿಯುವ ಬಟಾಟೆವಡೆಯ ವಾಸನೆ, ಮಲ್ಲಿಗೆ ಮುಡಿದ ಹೆಂಗಸರು, 'ಹೌಸ್‌ಫುಲ್' ಬೋರ್ಡು. ಒಳಗೆ ಕಾಲಿಟ್ಟ ಮಾವ ಮೊದಲ ಸಾಲಿನ ಮುಂದೆ ನಿಂತುಬಿಟ್ಟರು.

"ಇಷ್ಟು ಅಗಲ ಇರತೈತೇನು?" ಎಂದರು.

ನಲವತ್ತೊಂದು ವರ್ಷ ನಾಟಕದೊಳಗೇ ಇದ್ದವರು ಒಂದೇ ಒಂದು ಸಲ 'ತುಳಸಿಯ ಆಣೆ'ಯನ್ನು ಎದುರಿನಿಂದ ನೋಡಿರಲಿಲ್ಲ. ನನಗೆ ಅದು ಆಗಲೇ ಹೊಳೆದದ್ದು.

ನಾಟಕ ಶುರುವಾಗುವ ಮೂರನೇ ಗಂಟೆ ಬಾರಿಸಿತು. ಮಾವ ಚಪ್ಪಲಿ ಕಳಚಿ, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಬಾಯಿಗೆ ತುರುಕಿಕೊಂಡರು. ಪರದೆ ಎದ್ದಿತು. ನಾನು ನಾಟಕ ನೋಡಲಿಲ್ಲ, ಸಾಕ್ಷಿಯಲ್ಲವೇ, ಮಾವನನ್ನು ನೋಡಿದೆ. ಅವರ ಗಂಟಲ ಮಣಿ ಪ್ರತಿ ಮಾತಿಗೂ ಮೇಲೆ ಕೆಳಗೆ ಓಡುತ್ತಿತ್ತು. ಮೊದಲ ಅಂಕ ಹೀಗೆ ಕಳೆಯಿತು. ಎರಡನೆಯದರಲ್ಲಿ ಕರವಸ್ತ್ರ ಒಂದು ಇಂಚು ಹೊರಗೆ ಬಂತು. ಜುಯಿ ಕೈ ಚಾಚಿ ಒಳಗೆ ತಳ್ಳಿದಳು.

ಮಧ್ಯಂತರದಲ್ಲಿ ವಿಲಾಸ ಬಿಸಿ ವಡೆ ತಂದ. ಬಾಯಿ ಖಾಲಿ ಇದ್ದರೆ ಅಪಾಯವೆಂದು ಮಾವ ಇಡಿಯಾಗಿ ಒಂದನ್ನು ಬಾಯಿಗೆ ಹಾಕಿಕೊಂಡು, ಸುಟ್ಟುಕೊಂಡು, ಕಣ್ಣಲ್ಲಿ ನೀರು ತಂದುಕೊಂಡರು. ಹಾ ಹೂ ಎನ್ನಲಿಲ್ಲ. "ವಡಾ ಸುಟ್ಟದ್ದಕ್ಕ ಹಾ ಅಂದ್ರ ಲೆಕ್ಕಕ್ಕಿಲ್ಲ ಮಾವಾ," ಎಂದೆ. ತಲೆ ಅಡ್ಡಡ್ಡ ಆಡಿಸಿದರು. ನಂಬಲಿಲ್ಲ.

ಮೂರನೇ ಅಂಕ. ರಾವಸಾಹೇಬನ ಪಾತ್ರದಲ್ಲಿ ಶಿರೀಷ ದಳವೀಕರ, ದೊಡ್ಡ ಹೆಸರಿನ ನಟ. ಹನ್ನೆರಡು ವರ್ಷದ ಹಿಂದೆ ಹೊರಹಾಕಿದ ಮಗ ಬಾಗಿಲಲ್ಲಿ ನಿಂತಿದ್ದಾನೆ. ರಾವಸಾಹೇಬ ಬರಿಗಾಲಲ್ಲಿ ತುಳಸಿಕಟ್ಟೆಯವರೆಗೆ ಬಂದು ನಿಂತ. ನಮ್ಮಿಂದ ಎಂಟಡಿ ದೂರ. ಬಾಯಿ ತೆರೆದ. ಮಾತು ಬರಲಿಲ್ಲ.

ಜನಕ್ಕೆ ಅದು ಅಭಿನಯ. ಆದರೆ ನಾವು ಭಾರ್ಗವ ಮಾಸ್ತರರ ಮನೆಯವರು. ಐದು ಜೋಡಿ ಕಣ್ಣು ಒಟ್ಟಿಗೆ ದಳವೀಕರನ ಕಾಲಿಗೆ ಹೋಯಿತು. ಹೆಬ್ಬೆರಳು ಒಳಗೆ ಮಡಚಿತ್ತು.

ನಾಲ್ಕು ಜೋಡಿ ಕಣ್ಣು ಮಾವನ ಕಡೆ ತಿರುಗಿತು. ಅವರು ಕರವಸ್ತ್ರ ಕಿತ್ತೆಸೆದು ಮುಂದಕ್ಕೆ ಬಾಗಿದ್ದರು. ಕುತ್ತಿಗೆಯ ನರ ಉಬ್ಬಿತ್ತು, ತುಟಿ ತೆರೆದಿತ್ತು. ಹೋಯಿತು ಸ್ಟೂಲು ಎಂದುಕೊಂಡೆ. ವಿಲಾಸ ನನ್ನ ಕೈ ಹಿಂಡಿದ. ಒಂದು ಕ್ಷಣ, ಎರಡು, ಮೂರು. ತೆರೆದ ಬಾಯಿಂದ ಒಂದು ಅಕ್ಷರವೂ ಬರಲಿಲ್ಲ. ಎಂಥ ಸಂಯಮ! ನನಗೆ ಎದ್ದು ಚಪ್ಪಾಳೆ ತಟ್ಟಬೇಕೆನಿಸಿತು.

ಆಗ ಅತ್ತೆ ಗಂಡನ ಕಿವಿಗೆ ಬಾಗಿ ಪಿಸುಗುಟ್ಟಿದರು. ನಮ್ಮ ಅತ್ತೆಯ ಪಿಸುಮಾತೆಂದರೆ, ಹಿತ್ತಲಲ್ಲಿ ಆಡಿದರೆ ಮೀನು ಮಾರುಕಟ್ಟೆಯಲ್ಲಿ ಉತ್ತರ ಕೊಡುತ್ತಾರೆ.

"ಈ ಬಾಗಿಲು ನಾನು ಹಾಕಿದ್ದು ನಿನ್ನ ಮುಖಕ್ಕಲ್ಲ ಮಗನೇ, ನನ್ನ ಕಣ್ಣೀರಿಗೆ."

ಇಡೀ ಮಂದಿರಕ್ಕೆ ಕೇಳಿಸಿತು. ದಳವೀಕರನ ಹೆಬ್ಬೆರಳು ಬಿಚ್ಚಿಕೊಂಡಿತು. ಅವನು ಅದೇ ಮಾತನ್ನು ಅದೇ ಪಿಸುದನಿಯಲ್ಲಿ, ಮಗನ ಕಡೆ ನೋಡದೆ ಹೇಳಿದ. ನಾಟಕದ ಮನೆಯೊಳಗಿನಿಂದ ಆ ಮಗನ ಸತ್ತ ತಾಯಿಯೇ ನುಡಿದಳು, ಅಪ್ಪ ಅದನ್ನೇ ಮತ್ತೆ ನುಡಿದ ಎಂದು ಜನಕ್ಕೆ ಅನಿಸಿರಬೇಕು. ಚಪ್ಪಾಳೆ ಎರಡು ನಿಮಿಷ ನಿಲ್ಲಲಿಲ್ಲ. ನಮ್ಮ ಹಿಂದಿನ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತ, "ಏನ್ ಹೊಸ ಪ್ರಯೋಗಾ!" ಎಂದಳು.

ನಾಟಕ ಮುಗಿದ ಮೇಲೆ ದಳವೀಕರನೇ ಬಣ್ಣ ಅಳಿಸದೆ ಕೆಳಗಿಳಿದು ಬಂದ. ನಾವು ಚಿಪಳೂಣಿನ ನೆನಪಿನಿಂದ ಕುಗ್ಗಿ ನಿಂತೆವು. ಅವನು ಬಾಗಿ ಅತ್ತೆಯ ಕಾಲು ಮುಟ್ಟಿದ. "ಆಯೀ, ಯಾವ ಕಂಪನಿಯವ್ರು ನೀವು?"

"ಅಡಗಿಮನಿ ಕಂಪನಿ," ಎಂದರು ಅತ್ತೆ. "ನಲವತ್ತೊಂದು ವರ್ಷ ತಾಲೀಮು ನಮ್ಮ ಪಡಸಾಲ್ಯಾಗ. ಚಾ ಮಾಡಾಕಿ ಕಿವಿ ಮುಚಗೊಂಡು ಮಾಡ್ತಾಳೇನಪಾ?"

ಸಂಜೆ ಮರೀನ್ ಡ್ರೈವ್ ಕಟ್ಟೆಯ ಮೇಲೆ ಕೂತೆವು. ನಾನು ದೊಡ್ಡ ದನಿಯಲ್ಲಿ ತೀರ್ಪು ಕೊಟ್ಟೆ: "ಮಾವಾರು ತುಟಿ ಪಿಟಕ್ ಅನ್ನಲಿಲ್ಲ. ಸ್ಟೂಲು ಅವರದ. ಅತ್ತಿಯವ್ರು ಸೋತ್ರು, ಆದ್ರ ಅವರ ಮ್ಯಾಲೆ ಪಂದ್ಯ ಇರಲಿಲ್ಲ."

ಮಾವ ನಗಲಿಲ್ಲ. ಜುಯಿಯನ್ನು ಕರೆದುಕೊಂಡು ವಿಲಾಸ ಕಡಲೆಕಾಯಿ ತರಲು ಹೋಗುವವರೆಗೆ ಕಾದು, ಸಮುದ್ರದ ಕಡೆ ನೋಡುತ್ತ ಹೇಳಿದರು: "ಸುಳ್ಳು ಸಾಕ್ಷಿ ಹೇಳಬ್ಯಾಡವಾ. ನಾ ಮಾತು ತಡದದ್ದಲ್ಲ. ಬರಲೇ ಇಲ್ಲ."



"ಹುಡಿಕಿದೆ," ಎಂದರು ಮಾವ. "ಮೂವತ್ತು ಸಲ ಕೊಟ್ಟ ಮಾತು. ಎಲ್ಲಾ ಬೋಳು ಗೋಡಿ."

"ನನಗ ಗೊತ್ತೈತ್ರಿ," ಎಂದರು ಅತ್ತೆ, ಸೆರಗಿನಿಂದ ಕಟ್ಟೆಯ ಮರಳು ಒರೆಸುತ್ತ. "ನೀವು ಚಪ್ಪಲಿ ಬಿಚ್ಚಿದ್ರಿ. ನಿಮ್ಮ ಹೆಬ್ಬೆಟ್ಟು ಮಡಚಿತ್ತು. ನಾ ಆ ನಟಗ ಹೇಳಿದ್ದಲ್ಲ, ನಿಮಗ ಹೇಳಿದ್ದು. ಅಂವ ನಡುವ ಕದ್ದ."

ರಥ, ರಣಭೂಮಿ, ದಾದರು, ಗಾಡಿಯಲ್ಲಿನ ಪಿಸುಮಾತು, ಎಲ್ಲ ಒಟ್ಟಿಗೆ ನನ್ನ ತಲೆಗೆ ಬಂತು. ಪಂದ್ಯವೂ ಬಂತು. ಸುಮ್ಮನಿದ್ದರೆ ಗೆಲುವು ಎಂಬ ಪಂದ್ಯ ಹಾಕಿದ್ದು ಯಾರು? ಮರೆತರೂ ಅದು ಸಂಯಮವೆಂದೇ ಕಾಣುವಂತೆ ಈ ಹೆಂಗಸು ಮೊದಲೇ ಬಲೆ ಹೆಣೆದಿದ್ದಳು! ನನಗೆ ಅಳುವೂ ಬಂತು, ಅವರ ಕೆನ್ನೆ ಹಿಂಡಬೇಕೆಂದೂ ಅನಿಸಿತು.

ಮಾವ ಅತ್ತೆಯ ಕಡೆ ತಿರುಗಿ, "ಒಂದು ಶಬ್ದ ತಪ್ಪು ಹೇಳಿದಿ. 'ಮಗನೇ' ಇಲ್ಲ ಅಲ್ಲಿ," ಎಂದರು.

"ಐತಿ."

"ಇಲ್ಲ."

"ಐತಿ. ಪ್ರತಿ ತಗದು ನೋಡ್ರಿ. ಅದರ ಮ್ಯಾಲಿಂದ ಎದ್ರ ಕಾಣತೈತಿ."

ಮಾಘ ಚೌತಿ ಬಂತು. ನನ್ನ ತೀರ್ಪನ್ನು ಅನಂತಾ ಹಲ್ಲು ಕಚ್ಚಿ ಒಪ್ಪಿಕೊಂಡ. ಪಕ್ಕದ ಪರದೆಯ ಸಂದಿಯಲ್ಲಿ ಸ್ಟೂಲು ಹಾಕಲಾಯಿತು, ಮಾವ ಪ್ರತಿಯ ಮೇಲೆ ಕೂತರು. ಸ್ಟೂಲಿನ ಬುಡದಲ್ಲಿ ನಾನೊಂದು ಮಣೆ ಹಾಕಿದೆ. ಅತ್ತೆ ಬಂದು ಅದರ ಮೇಲೆ ಕೂತರು.

"ಕಾಕೂ ಇಲ್ಲ್ಯಾಕ?" ಎಂದ ಅನಂತಾ.

"ಮಾವಾರಿಗೆ ಮೊಣಕಾಲ್ಬ್ಯಾನಿ. ಕಾಲು ಒತ್ತಾಕ," ಎಂದೆ. ಹೊರಗಿನವಳು ಸುಳ್ಳು ಹೇಳುವುದಿಲ್ಲವೆಂದು ಅವನೇ ಹೇಳಿದ್ದನಲ್ಲ, ನಂಬಿದ.

ಮೂರು ಅಂಕವೂ ಒಂದು ಮಾತು ತಪ್ಪದೆ ನಡೆದವು. ಮಾವನ ಬರಿಗಾಲು ಅತ್ತೆಯ ಮಡಿಲಲ್ಲಿತ್ತು. ಅತ್ತೆ ತಲೆ ಎತ್ತಿ ರಂಗದ ಕಡೆ ಒಮ್ಮೆಯೂ ನೋಡಲಿಲ್ಲ, ಆಗೊಮ್ಮೆ ಈಗೊಮ್ಮೆ ಗಂಡನ ಕಿವಿಯತ್ತ ಎದ್ದು ಮತ್ತೆ ಕೂರುತ್ತಿದ್ದರು. ಪರದೆಯ ಅಂಚಿನಿಂದ ಇಣುಕಿದ ಊರ ಹೆಂಗಸರು ಕೆನ್ನೆಗೆ ಕೈ ಹಚ್ಚಿಕೊಂಡರು.

"ನೋಡ ನಿಮ್ಮತ್ತೀನ," ಎಂದಳು ಒಬ್ಬಳು ನನಗೆ. "ಈ ವಯಸ್ಸಿನ್ಯಾಗೂ ಗಂಡನ ಪಾದದ ಮ್ಯಾಲಿನ ಕಣ್ಣು ತಗೀವಲ್ಲಳು. ಕಲೀ."