ಪೇಟಿಯ ಕೆಳಗಿದ್ದ ಮಾತು

ಹೊಟ್ಟೆಕಿಚ್ಚಿಗೆಂದು ರಜೆ ಹಾಕಿದವರನ್ನು ನೀವು ಕಂಡಿದ್ದೀರಾ? ನಮ್ಮ ರಘೋತ್ತಮ ಹಾಕಿದ. ಬ್ಯಾಂಕಿನ ಅರ್ಜಿಯಲ್ಲಿ ‘ಸ್ವಂತ ಕೆಲಸ’ ಎಂದು ಬರೆದು, ನಾಸಿಕ್ ರೋಡಿನಲ್ಲಿ ಬೆಳಗಿನ ರೈಲು ಹತ್ತಿ ಔರಂಗಾಬಾದಿಗೆ ಹೊರಟ.

ಆದದ್ದಿಷ್ಟು. ಧಾರವಾಡದಿಂದ ನಾಸಿಕ್‌ಗೆ ವರ್ಗವಾಗಿ ಬಂದ ಮೇಲೆ ಅವನಿಗೆ ಮನೆಯಲ್ಲೇ ಹಾಡು ಮುದ್ರಿಸುವ ಗೀಳು ಹತ್ತಿತ್ತು. ಕಂಪ್ಯೂಟರು, ಮೈಕು, ಹೆಡ್‌ಫೋನು, ಸದ್ದು ಹೀರಲೆಂದು ಮಲಗುವ ಕೋಣೆಯ ಗೋಡೆಗೆಲ್ಲ ಕೌದಿ. 2011ರ ರಾಜ್ಯೋತ್ಸವಕ್ಕೆ ಕನ್ನಡ ಸಂಘದವರು ದೇವರನಾಮಗಳ ಸಿಡಿ ತರುವುದೆಂದಾಗ ಒಂದು ಹಾಡು ಅವನ ಹೆಂಡತಿ ಗೋದಾವರಿಯ ಪಾಲಿಗೆ ಬಂತು. ಹೊದಿಕೆಯ ಮೇಲೆ ‘ಗಾಯನ: ಗೋದಾವರಿ, ಮಿಕ್ಸಿಂಗ್: ರಘೋತ್ತಮ’ ಎಂದು ಅಕ್ಕಪಕ್ಕ ಅಚ್ಚಾಗಬೇಕು, ಅವನಿಗೆ ಬೇಕಾದದ್ದು ಅಷ್ಟೇ. ದನಿಗೂ ವಾದ್ಯಕ್ಕೂ ಹದ ಕೂಡಿಸಲು ಎರಡು ತಿಂಗಳು ಕೂತು ತಿದ್ದಿದ. ಪೇಟಿ, ಅಂದರೆ ಹಾರ್ಮೋನಿಯಂ, ತಾನೇ ನುಡಿಸಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ನೋಡಿ, ತಿದ್ದಿದಾಗಲೆಲ್ಲ ಪೇಟಿಯ ಸದ್ದು ಒಂದಿಷ್ಟು ಮೇಲೇರುತ್ತಿತ್ತು.

ಸಂಘದ ಕಾರ್ಯದರ್ಶಿ ನೀರಜಾಬಾಯಿ ಕೇಳಿ, “ಏನೋ ಗಿಜಿಗಿಜಿ ಅನಸ್ತದ್ರೀ” ಎಂದು, ದನಿಯದೊಂದು, ಪೇಟಿಯದೊಂದು ಎಂದು ಬೇರೆ ಬೇರೆ ಇದ್ದ ಟ್ರ್ಯಾಕುಗಳನ್ನು, ರಘೋತ್ತಮನ ಮಿಕ್ಸಿನ ಜೊತೆಗೇ, ಅಕ್ಷಯನಿಗೂ ಕಳಿಸಿದರು. ಈ ಅಕ್ಷಯ ಔರಂಗಾಬಾದಿನ ಉಡುಪಿ ಹೋಟೆಲಿನವರ ಮಗ, ಇವನಂತೆಯೇ ಹವ್ಯಾಸಿ. ಎರಡೇ ದಿನಕ್ಕೆ ಅವನ ಮಿಕ್ಸ್ ಬಂತು. ಚಪಾತಿ ಲಟ್ಟಿಸುತ್ತಿದ್ದ ಗೋದಾವರಿ ಲಟ್ಟಣಿಗೆ ನಿಲ್ಲಿಸಿ ಕೇಳಿದಳು. “ಅಯ್ಯ, ಇದು ನನ್ನ ದನಿ ಏನ್ರೀ?” ಎಂದಳು, ಕಣ್ಣು ಒದ್ದೆಯಾಗಿತ್ತು. ರಘೋತ್ತಮನ ಮಿಕ್ಸಿಗೆ “ಛಲೋ ಆಗೇದ” ಅಂದಿದ್ದಳು. ಛಲೋ! ಉಪ್ಪಿಟ್ಟಿಗೂ ಹಾಗೇ ಅನ್ನುತ್ತಾಳೆ. ತನ್ನ ಹೆಂಡತಿಯ ದನಿಯಿಂದ ತನ್ನ ಹೆಂಡತಿಗೇ ಕಣ್ಣೀರು ತರಿಸಲು ಇನ್ಯಾವನೋ ಬರಬೇಕಾಯಿತೇ? ಹೊಟ್ಟೆಗೆ ಬೆಂಕಿ ಬಿತ್ತು. ಸಿಡಿಗೆ ಯಾರ ಮಿಕ್ಸ್ ಎಂದು ಭಾನುವಾರ ಸಂಘದಲ್ಲಿ ತೀರ್ಮಾನ. ಅದಕ್ಕೆ ಮೊದಲು ಆ ಅಕ್ಷಯನ ಗುಟ್ಟೇನೆಂದು ಕಣ್ಣಾರೆ ನೋಡಬೇಕು.

ಲಾಸಲಗಾಂವ್ ದಾಟುವಾಗ ಉಳ್ಳಾಗಡ್ಡಿಯ ವಾಸನೆ ಬೋಗಿಯೊಳಗೆ ನುಗ್ಗಿತು. ಆ ವಾಸನೆಯಲ್ಲೂ ಅವನಿಗೆ ಒಂದೇ ಚಿಂತೆ: ಆ ಅಕ್ಷಯ ದುಬಾರಿ ಸ್ಪೀಕರ್ ತಂದಿರಬೇಕು, ಹೋಟೆಲಿನ ದುಡ್ಡು, ಇನ್ನೇನು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹೋಟೆಲಿನ ಮಾಳಿಗೆಯ ಕೋಣೆಯಲ್ಲಿ ನೋಡಿದರೆ ಇವನದಕ್ಕಿಂತ ಹಳೆಯ ಕಂಪ್ಯೂಟರು.

“ಎಲ್ಲಿ, ದೊಡ್ಡ ಸ್ಪೀಕರ್?”

“ಎಂಥ ದೊಡ್ಡದು ಮಾರಾಯ್ರೆ! ಕೆಳಗೆ ಗಲ್ಲಾದ ಮೇಲೆ ಒಂದು ಉಂಟು, ಬನ್ನಿ.”

ಗಲ್ಲಾದಲ್ಲಿ ಅಕ್ಷಯನ ತಾಯಿ ಜಲಜಾಕ್ಷಿ ಕೂತಿದ್ದರು. ಪಕ್ಕದಲ್ಲಿ ಅಂಗೈಯಗಲದ ಸ್ಪೀಕರ್. ಊಟದ ಹೊತ್ತು, ತಟ್ಟೆಗಳ ಸದ್ದು, ರುಬ್ಬುವ ಯಂತ್ರ, “ದೋನ್ ಮಸಾಲಾ!” ಎಂದು ದೋಸೆಗೆ ಕೂಗು. ಅಕ್ಷಯ ಮೊದಲು ರಘೋತ್ತಮನ ಮಿಕ್ಸ್ ಹಾಕಿದ. ಗದ್ದಲದ ನಡುವೆ ಕೇಳಿದ್ದು ಪೇಟಿ ಒಂದೇ. ಆಮೇಲೆ ತನ್ನದನ್ನು ಹಾಕಿದ. ಗೋದಾವರಿಯ ಒಂದೊಂದು ಅಕ್ಷರವೂ ಮೇಜುಗಳನ್ನು ದಾಟಿ ಹೋಯಿತು.

“ಈಗ ಹಾಡುವವರು ಸಿಕ್ಕಿದ್ರು ನೋಡಿ,” ಎಂದರು ಜಲಜಾಕ್ಷಿ, ಇವನು ಯಾರೆಂದು ತಿಳಿಯದೆ.

“ಈ ಗಲಾಟೆಯಲ್ಲಿ ಮಾತು ಕೇಳಿದ್ರೆ ಮಿಕ್ಸ್ ಆಯ್ತು ಅಂತ ನನ್ನ ಲೆಕ್ಕ,” ಎಂದ ಅಕ್ಷಯ. “ಬೇರೆ ಏನೂ ಮಾಡ್ಲಿಲ್ಲ. ನಿಮ್ಮ ಪೇಟಿ ಇಳಿಸಿದೆ, ಅಷ್ಟೇ.”

ರಘೋತ್ತಮನ ಮುಖ ಹುಳ್ಳಗಾಯಿತು. ಮೇಲೆ ಬಂದ ಮೇಲೆ ಅಕ್ಷಯ ಸ್ವಲ್ಪ ಹಿಂದೆಮುಂದೆ ನೋಡಿ ಕೇಳಿದ: “ಅಕ್ಕನ ದನಿಯ ಟ್ರ್ಯಾಕ್ ಒಂದನ್ನೇ ನೀವು ಯಾವಾಗಾದ್ರೂ ಕೇಳಿದ್ದೀರಾ?”

ಕೇಳಿರಲಿಲ್ಲ. ಹನ್ನೊಂದು ವರ್ಷದಿಂದ ಮನೆಯಲ್ಲಿ ಕೇಳುವ ದನಿ, ಅದನ್ನೇನು ಬೇರೆ ಕೇಳುವುದು?

ಅಕ್ಷಯ ಹಾಕಿದ. ಎರಡನೆಯ ಚರಣ ಮುಗಿಯಿತು. ರಘೋತ್ತಮ ಮನಸಾರೆ ಪೇಟಿ ನುಡಿಸಿದ್ದ ಜಾಗ ಈಗ ಖಾಲಿ. ಆ ಖಾಲಿಯಲ್ಲಿ ಗೋದಾವರಿ ಮೆಲ್ಲಗೆ ಮಾತಾಡಿದಳು.

“ರೀ, ಪೇಟಿ ಸ್ವಲ್ಪ ಸಣ್ಣ ಮಾಡ್ರಿ. ನನ್ನ ದನಿ ನನಗ ಕೇಳವಲ್ದು.” ಒಂದು ಉಸಿರು. “ಹೋಗ್ಲಿ ಬಿಡ್ರಿ. ಕಣ್ಣು ಮುಚ್ಚಿ ಕೂತೀರಿ.”

ಮತ್ತೆ ಮುಂದಿನ ಚರಣ ಎತ್ತಿಕೊಂಡಿದ್ದಳು.

ಹಾಡು ಮುದ್ರಿಸಿದ ದಿನ ಅವಳಿಗೊಂದು ಹೆಡ್‌ಫೋನು ಕೊಟ್ಟು, ಅವಳೆದುರೇ ತಾನೂ ಒಂದು ಹಾಕಿ, ಮೊದಲೇ ಮುದ್ರಿಸಿದ್ದ ತನ್ನ ಪೇಟಿಯನ್ನು ತಾನೇ ಕೇಳಿ ತಲೆದೂಗುತ್ತ ಕೂತಿದ್ದುದು ಅವನಿಗೆ ನೆನಪಾಯಿತು. ನಾಚಿಕೆಯಾಯಿತು. ಅದಕ್ಕಿಂತ ಜೋರಾಗಿ ಹೊಟ್ಟೆ ಉರಿಯಿತು. ತನಗೆಂದೇ ಆಡಿದ ಮಾತು, ಮೊದಲು ಕೇಳಿದವನು ಈ ಅಕ್ಷಯ!

“ಎಷ್ಟು ಸಲ ಕೇಳಿದ್ರಿ ಇದನ್ನ?”

“ಎರಡು ಸಲ. ನನ್ನ ಮಿಕ್ಸಿನಲ್ಲಿ ಕತ್ತರಿಸಿದೆ, ಮೂಲ ಹಾಗೇ ಬೇರೆ ಇಟ್ಟೆ, ನಿಮಗೆ ಕೊಡುವ ಅಂತ.”

ರಘೋತ್ತಮ ಅದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಅಂಗಿಯ ಜೇಬಿಗೆ ಇಳಿಸಿದ. “ಸಂಘಕ್ಕ ನಾನ ಹೇಳ್ತೀನಿ. ಹಾಡು ನಿಮ್ದ ಹೋಗ್ಲಿ, ಹೆಸರೂ ನಿಮ್ದ ಬರ್ಲಿ. ಆದ್ರ ಈ ಮಾತು ನಿಮ್ಮ ಕಂಪ್ಯೂಟರ್‌ನ್ಯಾಗ ಇರಬಾರ್ದು.”

ಅಕ್ಷಯ ನಗಲಿಲ್ಲ. ಅಳಿಸಿ, ಕಾಫಿ ಹೇಳಲು ಎದ್ದ.

ರಘೋತ್ತಮ ಕುರ್ಚಿ ಬಿಟ್ಟು ಏಳಲಿಲ್ಲ. “ರೀಸೈಕಲ್ ಬಿನ್‌ನಿಂದನೂ ತಗೀರಿ,” ಎಂದ.