ಮಾತು ಕೊಟ್ಟ ಬ್ಯಾಳಿ

"ತಿನ್ನೋ ಭಾಡ್ಯಾ. ತಿಂದು ತೋರಸು. ನೀ ತಿಂದಿ ಅಂದ್ರ ಇದು ಬ್ಯಾಳಿನೇ ಅಂದಂಗಾತು."

ಸಾವಕಾರ ಮನ್ಮಥಪ್ಪ ಬೇಳೆ ಗಿರಣಿಯ ಕಟ್ಟೆಯ ಮೇಲೆ ಕೂತು ಹೇಳಿದ. ಕೆಳಗೆ ಜಗದೇವಪ್ಪ ಚೀಲ ಹಿಡಿದು ನಿಂತಿದ್ದ. ಚೀಲದಲ್ಲಿದ್ದದ್ದು ಚುನಿ. ಬೇಳೆ ಒಡೆದ ಮೇಲೆ ಉಳಿಯುವ ಹೊಟ್ಟು, ನುಚ್ಚು, ಮಣ್ಣು. ನಮ್ಮ ಉದಗೀರದಲ್ಲಿ ಅದನ್ನು ಎಮ್ಮೆಗೆ ಹಾಕುತ್ತಾರೆ.

"ಯಪ್ಪಾ, ಆಕಿ ಹಾಸಿಗಿ ಹಿಡದಾಳರೀ. ಬ್ಯಾಳಿ ಕಟ್ಟು ಬಿಟ್ರ ಗಂಟಲಾಗ ಏನೂ ಇಳಿಯಂಗಿಲ್ಲ."

"ನಿನ್ನ ಹೆಣ್ತಿ ಗಂಟಲಾ ನಾ ಏನು ಮಾಡ್ಲೋ? ಬರ್ಮಾದ ಅಗ್ಗದ ತೊಗರಿ ಬಂದು ನನ್ನ ಕುತ್ತಿಗಿ ಮ್ಯಾಲ ಕುಂತದ. ಅರ್ಧ ಗಿರಣಿ ಬಂದ್ ಬಿದ್ದದ. ದುಡಿಯೋರಿಗೇ ಪಗಾರ ಕೊಡೋದು ಪರವಡವಲ್ದು, ಕುಂತು ಉಣ್ಣೋ ಹೆಣಗೋಳಿಗಿ ಎಲ್ಲಿಂದ ತರ್ಲಿ? ತಿಂತಿಯೋ, ಚೀಲ ಇಟ್ಟು ಹೋಗ್ತಿಯೋ?"

ಜಗದೇವಪ್ಪನ ಬಲಗೈಯ ಮೂರು ಬೆರಳು ಇದೇ ಗಿರಣಿಯ ಯಂತ್ರದ ತಿರುಗುವ ಪಟ್ಟಾಕ್ಕೆ ಸಿಕ್ಕು ಹೋಗಿವೆ. ಉಳಿದೆರಡರಲ್ಲಿ ಚುನಿ ಎತ್ತಿ ಬಾಯಿಗೆ ಹಾಕಿಕೊಂಡ. ಹಲ್ಲಿಲ್ಲ. ಕೆಮ್ಮುತ್ತ ನುಂಗಿದ.

"ಬರೋಬ್ಬರ್ ಎಮ್ಮಿ ತಿಂದಂಗೇ ತಿಂತಾನ ನೋಡ್ರಿ" ಎಂದು ಲೆಕ್ಕ ಬರೆಯುವ ಮುನೀಮ ವೈಜನಾಥ ನಕ್ಕ.

ಹಿಂದೆ ನಾವು ಹತ್ತು ಜನ ಮುದುಕರು ಸಾಲಾಗಿ ನಿಂತಿದ್ದೆವು. ಚೀಲದ ಬಾಯಿ ಬಿಚ್ಚಿ ಒಬ್ಬೊಬ್ಬರೇ ಮುಂದೆ ಸರಿದೆವು. ನಮ್ಮ ಚೀಲವೂ ತುಂಬಬೇಕಿತ್ತಲ್ಲ, ನಾಚಿಕೆಗೆಟ್ಟವರು.

ನಾವೇನು ಭಿಕ್ಷೆಗೆ ಬಂದವರಲ್ಲ. ಹಿಂದೊಮ್ಮೆ ಗಿರಣಿ ಮುಳುಗುತ್ತಿದ್ದಾಗ ಈ ಮನ್ಮಥಪ್ಪನ ಅಪ್ಪ ನಮ್ಮೆದುರು ನಿಂತು, ಎಡಗೈಯಲ್ಲಿ ಲಿಂಗ ಹಿಡಿದು ಹೇಳಿದ್ದ: "ಎರಡು ವರ್ಷ ಅರ್ಧ ಪಗಾರಕ್ಕ ದುಡೀರಿ, ಗಿರಣಿ ಉಳಸ್ರಿ. ಮುಪ್ಪಿನಾಗ ನಿಮಗ ತಿಂಗಳಾ ತಿಂಗಳಾ ಹತ್ತು ಕಿಲೋ ಬ್ಯಾಳಿ. ಸಾಯೋತನಕ. ಲಿಂಗದ ಆಣಿ." ನಾವು ದುಡಿದೆವು. ಗಿರಣಿ ಉಳಿಯಿತು. ಮುದುಕ ಲಿಂಗೈಕ್ಯನಾದ. ಅವನ ಮಾತನ್ನು ಮಗ ಅವನ ಜೊತೆಗೇ ಹುಗಿದ, ಬೇಳೆಯ ಬದಲು ಚುನಿ ಅಳೆಯತೊಡಗಿದ.

ಹೊರಡುವಾಗ ವೈಜನಾಥ ಕೂಗಿ ಹೇಳಿದ: "ಸೋಮವಾರ ಸ್ವಾಮಿಗಳ ಪಾದಯಾತ್ರಿ ದಿಂಡಿ ಬರ್ತದ. ಗಿರಣ್ಯಾಗ ದಾಸೋಹ. ಹೆಂಗಸರು ಅಡಿಗಿಗಿ ಬರ್ರಿ. ಸೇವಾ ಅದ, ಕೂಲಿ ಗೀಲಿ ಕೇಳಬ್ಯಾಡ್ರಿ." ದಾಸೋಹಕ್ಕೆಂದು ಎರಡು ಚೀಲ ಒಳ್ಳೆ ಬೇಳೆ ಆಗಲೇ ತೆಗೆದಿಟ್ಟಿದ್ದರು.

ಭಾನುವಾರ ಜಗದೇವಪ್ಪನ ಹೆಂಡತಿ ಸತ್ತಳು. ಚುನಿಯ ಚೀಲ ಮೂಲೆಯಲ್ಲಿ ಹಾಗೇ ಇತ್ತು. ಮಣ್ಣು ಮಾಡಿ ಬಂದ ಮೇಲೆ ಪ್ರೇಮಾಬಾಯಿ ಅದನ್ನು ಬಗಲಲ್ಲಿಟ್ಟುಕೊಂಡು ಎದ್ದಳು. ಭಾಲ್ಕಿ ಕಡೆಯಿಂದ ಮದುವೆಯಾಗಿ ಬಂದು, ಗಂಡ ಸತ್ತ ಮೇಲೆ ಮೂವತ್ತು ವರ್ಷ ಇದೇ ಗಿರಣಿಯಲ್ಲಿ ಬೇಳೆ ಕೇರಿದವಳು ಆಕೆ.

ಸೋಮವಾರ ದಿಂಡಿಯವರು ಪಂಕ್ತಿಗೆ ಕೂತರು. ನಡುವೆ ಸ್ವಾಮಿಗಳು, ಪಕ್ಕದಲ್ಲಿ ಹಣೆ ತುಂಬ ವಿಭೂತಿ ಬಳಿದುಕೊಂಡ ಸಾವಕಾರ. ಎಲ್ಲರ ಗಂಗಾಳಕ್ಕೂ ತುಪ್ಪದ ಒಗ್ಗರಣೆಯ ಬೇಳೆ ಬಿತ್ತು. ಪ್ರೇಮಾಬಾಯಿ ಬೇರೊಂದು ಬೋಗಣಿ ತಂದು ಸಾವಕಾರನಿಗೆ ಮಾತ್ರ ಎರಡು ಸೌಟು ಹಾಕಿದಳು. ಸ್ವಾಮಿಗಳು ಮಂತ್ರ ಹೇಳಿದರು, ಎಲ್ಲರೂ ಕೈ ಮುಗಿದರು. ಅಲ್ಲಿಗೆ ಅದು ಪ್ರಸಾದವಾಯಿತು. ಪ್ರಸಾದವೆಂದರೆ ನಮ್ಮಲ್ಲಿ ಒಂದಗಳೂ ಬಿಡುವಂತಿಲ್ಲ, ಗಂಗಾಳ ತೊಳೆದ ನೀರನ್ನೂ ಕುಡಿಯಬೇಕು.

ಮೊದಲ ತುತ್ತಿಗೇ ಸಾವಕಾರನ ಮುಖ ಕೆಟ್ಟಿತು. "ಏನ ಹಾಕಿದಿ ಸೂಳಿ?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

ಆಕೆ ಪಿಸುಗುಟ್ಟಲಿಲ್ಲ. "ಬ್ಯಾಳಿರೀ ಸಾವಕಾರ್ರ. ನೀವೇ ಕೊಟ್ಟಿದ್ದು. ಜಗದೇವಪ್ಪನ ಹೆಣ್ತಿ ಗಂಟಲಾಗ ಇಳೀಲಿಲ್ಲ. ನಿನ್ನಿ ಹೋದ್ಳು."

ಇಡೀ ಪಂಕ್ತಿ ತಿರುಗಿ ನೋಡಿತು. ಸಾವಕಾರ ಗಂಗಾಳ ಹಿಂದೆ ಸರಿಸಿದ.

"ಪ್ರಸಾದ ಬಿಡಬಾರದಪ್ಪಾ" ಎಂದರು ಸ್ವಾಮಿಗಳು.

ತಿಂದ. ಹೊಟ್ಟು ಗಂಟಲಿಗೆ ಅಂಟಿ ಕೆಮ್ಮಿದ, ಕಣ್ಣಲ್ಲಿ ನೀರು ಬಂತು, ಮತ್ತೆ ತಿಂದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಹಾಯೆನಿಸಿತು, ಸುಳ್ಳೇಕೆ ಹೇಳಲಿ. ಕೊನೆಯ ತುತ್ತು ನುಂಗಿ ಸಾವಕಾರ ಮುನೀಮನಿಗೆ ಹೇಳಿದ: "ನಾಳಿಂದ ಇವ್ರ್ಯಾರೂ ಗೇಟ್ ದಾಟಬಾರ್ದು. ಚುನಿನೂ ಬಂದ್."

ಪ್ರೇಮಾಬಾಯಿ ಒಲೆಯ ಹತ್ತಿರ ಹೋದಳು. ಕುದಿಯುತ್ತಿದ್ದ ಚುನಿಯಲ್ಲಿ ಸೌಟು ಅದ್ದಿ, ತುಂಬಿಕೊಂಡು ಬಂದಳು.

"ಬಂದ್ ಅಂದ್ರ ಬಂದ್‌ರೀ. ಉಳಿದದ್ದು ನೀವೇ ಉಣ್ರಿ."

ಬಲಗೈ ಎಂಜಲಾಗಿತ್ತು. ಸಾವಕಾರ ಎಡಗೈ ಚಾಚಿ ಗಂಗಾಳಕ್ಕೆ ಅಡ್ಡ ಹಿಡಿದ. ಅವನಪ್ಪ ಲಿಂಗ ಹಿಡಿದದ್ದೂ ಎಡಗೈಯಲ್ಲೇ.

ಪ್ರೇಮಾಬಾಯಿ ಆ ಕೈಯ ಮೇಲೆಯೇ ಸುರಿದಳು.